ಬೆಂಚಿನ ತುದಿಯವರು

ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಚಟಗಳಲ್ಲಿ ಬೆಳಗಿನ ಹೊತ್ತು ಟೀವಿಯ ಮುಂದೆ ಕೂರುವುದೂ ಒಂದು. ನನ್ನ ವಯಸ್ಸಿನವರು ಆ ಹೊತ್ತಿನಲ್ಲಿ ಸುಪ್ರಭಾತ ಕೇಳುತ್ತಾರೆ. ಇಲ್ಲವೆ ತಲೆಗೆ ಮಫ್ಲರು ಸುತ್ತಿಕೊಂಡು ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಾರೆ. ನಾನು ಅಮೆರಿಕದವರ ಬ್ಯಾಸ್ಕೆಟ್‌ಬಾಲ್ ನೋಡುತ್ತೇನೆ. ಅವರ ರಾತ್ರಿಯ ಆಟ ನಮಗೆ ಬೆಳಗಿನ ಕಾಫಿಯ ವೇಳೆಗೆ ಸರಿಯಾಗಿ ಬರುತ್ತದೆ. ಕಾಫಿ ತಂದುಕೊಡುವ ನನ್ನಾಕೆಗೆ ಈ ಆಟದಲ್ಲಿ ಆಸಕ್ತಿಯಿಲ್ಲ. ‘ಅಷ್ಟು ಎತ್ತರದವರು ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಏನು ಹೆಚ್ಚುಗಾರಿಕೆ?’ ಎಂಬುದು ಅವಳ ಸಿದ್ಧಾಂತ. ಆದರೆ ಒಂದು ದಿನ ಲೋಟ ಕೈಗಿಟ್ಟವಳು ಅಲ್ಲೇ ನಿಂತು ನೋಡಿ, ನನ್ನನ್ನು ಕಕ್ಕಾಬಿಕ್ಕಿ ಮಾಡಿದಳು.

“ರೀ, ಅವರೆಲ್ಲ ಯಾರು?”

“ಯಾರು?”

“ಅದೇ, ಸಾಲಿನ ಕೊನೇಲಿ ಟವಲು ಬೀಸ್ತಾ ಕೂತಿದಾರಲ್ಲ, ಅವರು. ಮೊನ್ನೇನೂ ಅವರೇ ಕೂತಿದ್ರು.”

“ಅವರೂ ಆಟಗಾರರೇ ಕಣೇ.”

“ಮತ್ತೆ ಆಡೋದೇ ಇಲ್ಲವಲ್ಲ?”

ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಾಫಿ ಬಿಸಿಯಾಗಿದೆಯೆಂಬ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆಯಿಂದ ತಪ್ಪಿಸಿಕೊಂಡು ನಾನು ಐವತ್ತು ವರ್ಷ ಓಡಾಡಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಜೀವ ತೇಯ್ದವನಿಗೆ ಲೆಕ್ಕ ಹೇಳಿದರೇ ಸಮಾಧಾನ. ಎನ್‌ಬಿಎ ಎಂದು ಹೆಸರಾದ ಆ ಸಂಸ್ಥೆಯಲ್ಲಿ ಒಂದು ಪಂದ್ಯಕ್ಕೆ 48 ನಿಮಿಷ. ಅಂಕಣದಲ್ಲಿ ಒಂದು ಪಕ್ಷದಿಂದ ಐವರು. ಐದನ್ನು ನಲವತ್ತೆಂಟರಿಂದ ಗುಣಿಸಿದರೆ 240. ಒಂದು ತಂಡಕ್ಕೆ ಹಂಚಲು ಇರುವ ನಿಮಿಷಗಳು ಇಷ್ಟೇ. ತಂಡದಲ್ಲಿರುವವರೋ ಹದಿನೈದು ಜನ. ಸಮನಾಗಿ ಹಂಚಿದರೆ ತಲೆಗೆ ಹದಿನಾರು ನಿಮಿಷ ಬರಬೇಕು. ಆದರೆ ಮದುವೆಮನೆಯ ಪಾಯಸವನ್ನು ಯಾರಾದರೂ ಸಮನಾಗಿ ಹಂಚಿದ್ದುಂಟೆ? ಬೀಗರ ಪಂಕ್ತಿಗೆ ಎರಡೆರಡು ಸಲ ಬಡಿಸುತ್ತಾರೆ. ತಾರೆಗಳೆನಿಸಿಕೊಂಡವರು ಮೂವತ್ತೈದು ನಿಮಿಷದವರೆಗೂ ಆಡುತ್ತಾರೆ. ಅವರ ಬೆನ್ನಿಗೆ ಮೂರು ನಾಲ್ಕು ಮಂದಿ ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಒಂಬತ್ತು ಹತ್ತು ಜನಕ್ಕೆ ಕೊಳಗ ಬರಿದಾಗುತ್ತದೆ. ಕೊನೆಯ ಪಂಕ್ತಿಯವರು ಎಲೆಯ ಮುಂದೆ ಕುಳಿತೇ ಇರುತ್ತಾರೆ. ವರ್ಷಕ್ಕೆ 82 ಪಂದ್ಯ. 82 ಸಲವೂ ಹಾಗೆಯೇ.

ಪಂದ್ಯ ಮುಗಿದ ಮೇಲೆ ಅಂಕಪಟ್ಟಿ ಅಚ್ಚಾಗುತ್ತದಷ್ಟೆ. ಅದರಲ್ಲಿ ಇಂಥವನ ಹೆಸರಿನ ಮುಂದೆ ‘ಡಿಎನ್‌ಪಿ–ಸಿಡಿ’ ಎಂದು ನಮೂದಾಗುತ್ತದೆ. ‘ಆಡಲಿಲ್ಲ, ತರಬೇತುದಾರನ ತೀರ್ಮಾನ’ ಎಂದು ಅದರ ಅರ್ಥ. ಲೆಡ್ಜರು ಬರೆದವನಾದ ನನಗೆ ಸೊನ್ನೆಯ ಪರಿಚಯ ಚೆನ್ನಾಗಿದೆ. ಆದರೆ ಇದು ಸೊನ್ನೆಯೂ ಅಲ್ಲ. ಸೊನ್ನೆ ಸಂಪಾದಿಸಬೇಕಾದರೂ ಅಂಕಣಕ್ಕೆ ಇಳಿದಿರಬೇಕು.

ಈ ಆಟ ಹುಟ್ಟಿದಾಗ ಬೆಂಚಿನ ಕಾಟ ಇರಲಿಲ್ಲವೆಂಬುದು ವಿಚಿತ್ರ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಇದನ್ನು ಹೂಡಿದರು. ಪೀಚ್ ಹಣ್ಣಿನ ಎರಡು ಬುಟ್ಟಿ ಕಟ್ಟಿಸಿ, ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದರು. ತರಗತಿಯಲ್ಲಿದ್ದವರು ಹದಿನೆಂಟು ಹುಡುಗರು. ಪಕ್ಷಕ್ಕೆ ಒಂಬತ್ತರಂತೆ ಹದಿನೆಂಟೂ ಮಂದಿ ಆಡಿದರು. ಬೇಕೆಂದೇ ಪೆಟ್ಟು ಕೊಟ್ಟವನನ್ನು ಹೊರಹಾಕಿದರೆ ಅವನ ಬದಲಿಗೆ ಯಾರೂ ಬರುವಂತಿಲ್ಲವೆಂದು ಮೇಷ್ಟರು ಸ್ಪಷ್ಟವಾಗಿ ಬರೆದಿದ್ದರು. ಬದಲಿಯವನೆಂಬ ಪ್ರಾಣಿಯೇ ಅವರ ಮನಸ್ಸಿನಲ್ಲಿರಲಿಲ್ಲ. ಅವನು ಆಮೇಲೆ ಬಂದ, ಬಂದು ಕುಳಿತ.

“ಕೂತಿರೋದಕ್ಕೆ ಸಂಬಳ ಕೊಡ್ತಾರೇನು?” ಎಂದು ಕೇಳಿದಳು ನನ್ನಾಕೆ.

“ಕೊಡ್ತಾರೆ. ಅಲ್ಲಿ ಪೂರ್ತಿ ವರ್ಷದ ಅತಿ ಕಡಿಮೆ ಸಂಬಳವೇ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು.”

ಅವಳು ಮನಸ್ಸಿನಲ್ಲಿಯೇ ಅದನ್ನು ರೂಪಾಯಿಗೆ ತಿರುಗಿಸಿದಳೆಂದು ತೋರುತ್ತದೆ. “ನೀವು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತೇ ಇದ್ದಿರಲ್ಲ!” ಎಂದು ನಿಟ್ಟುಸಿರು ಬಿಟ್ಟಳು.

ಕುಳಿತಿರುವುದು ಕೆಲಸವೇ ಎಂದು ಸಾಧಿಸಲು ನನಗೆ ಹೆಂಡತಿಯ ಮುಂದೆ ಧೈರ್ಯ ಬರಲಿಲ್ಲ. ಓದುಗರ ಮುಂದೆ ಆ ಧೈರ್ಯ ಮಾಡುತ್ತೇನೆ. ಬೆಂಚಿನ ತುದಿಯವನು ಉಳಿದವರಂತೆಯೇ ಪಂದ್ಯಕ್ಕೆ ಗಂಟೆಗಳ ಮೊದಲೇ ಬಂದು ಬೆವರು ಹರಿಯುವಂತೆ ಅಭ್ಯಾಸ ಮಾಡುತ್ತಾನೆ. ಮುಂದಿನ ಎದುರಾಳಿ ಹೇಗೆ ಆಡುತ್ತಾನೋ ಅದನ್ನು ಕಲಿತು, ಅಭ್ಯಾಸದ ಅಂಕಣದಲ್ಲಿ ಆ ಎದುರಾಳಿಯ ವೇಷ ಹಾಕಿ, ತನ್ನ ತಂಡದ ದೊಡ್ಡವರನ್ನು ಹದಗೊಳಿಸುತ್ತಾನೆ. ಪಂದ್ಯದ ನಡುವೆ ಆಟ ನಿಂತರೆ, ಆಡಿ ದಣಿದವರು ಬಂದು ಕುಳಿತುಕೊಳ್ಳುತ್ತಾರೆ. ಇವನು ಎದ್ದು ಜಾಗ ಬಿಟ್ಟು, ಟವಲು ಕೊಟ್ಟು, ನೀರು ಕೊಟ್ಟು, ಸುತ್ತ ನಿಲ್ಲುತ್ತಾನೆ. ಆಟ ನಡೆಯುವಾಗ ಕೂರುವವನು, ಆಟ ನಿಂತಾಗ ನಿಲ್ಲುವವನು!

ಹಾಗೆಂದು ಇವನನ್ನು ಕೈಲಾಗದವನೆಂದು ತಿಳಿಯಬಾರದು. ಮೂವತ್ತು ತಂಡ, ತಂಡಕ್ಕೆ ಹದಿನೈದು. ಜಗತ್ತಿನಲ್ಲಿ ಚೆಂಡು ಹಿಡಿದ ಕೋಟ್ಯಂತರ ಜನರ ಪೈಕಿ ಸುಮಾರು 450 ಮಂದಿಗೆ ಮಾತ್ರ ಆ ಬೆಂಚಿನ ಸಮೀಪ ಹೋಗುವ ಯೋಗ. ಕೆಂಚುಗೂದಲಿನ, ಆರಡಿ ಒಂಬತ್ತಂಗುಲದ ಬ್ರಯನ್ ಸ್ಕಾಲಬ್ರಿನಿ ಎಂಬವನು ಹನ್ನೊಂದು ವರ್ಷ ಅಲ್ಲಿದ್ದ. ಬಹುಪಾಲು ಕುಳಿತೇ ಇದ್ದ. ಪಂದ್ಯ ಗೆದ್ದಾಯಿತೆಂದು ಖಚಿತವಾದ ಮೇಲೆ ಜನ ಅವನ ಹೆಸರನ್ನು ಕೂಗಿ, ಅರ್ಧ ತಮಾಷೆಗೆ ಅರ್ಧ ಪ್ರೀತಿಗೆ, ಒಳಕ್ಕೆ ಕಳಿಸಿರೆಂದು ಗಲಾಟೆ ಮಾಡುತ್ತಿದ್ದರು. ಆಟ ಬಿಟ್ಟ ಮೇಲೆ, 2013ರಲ್ಲಿ, ಬಾಸ್ಟನ್ನಿನ ಒಂದು ರೇಡಿಯೋ ಕಾರ್ಯಕ್ರಮದ ಮೂಲಕ ಅವನು ಊರಿನ ಹವ್ಯಾಸಿಗಳಿಗೆ ಸವಾಲು ಹಾಕಿದ. ‘ಇವನನ್ನು ನಾನೂ ಸೋಲಿಸಬಲ್ಲೆ’ ಎಂದು ಸೋಫಾದಲ್ಲಿ ಕುಳಿತು ಹೇಳುವವರ ಪೈಕಿ ಗಟ್ಟಿಗರು ನಾಲ್ವರು ಬಂದರು. ಒಬ್ಬೊಬ್ಬರ ಮೇಲೂ ಒಂಟಿಯಾಗಿ ಆಡಿದ. ನಾಲ್ಕೂ ಆಟ ಸೇರಿ ಅವನಿಗೆ 44 ಅಂಕ. ಆ ನಾಲ್ವರಿಗೆ ಒಟ್ಟು 6. ಮಹಾ ಆಟಗಾರನಾದ ಲೆಬ್ರಾನ್ ಜೇಮ್ಸ್‌ಗೂ ತನಗೂ ಇರುವ ದೂರಕ್ಕಿಂತ, ತನಗೂ ನಮ್ಮಂಥವರಿಗೂ ಇರುವ ದೂರ ಬಹಳ ದೊಡ್ಡದು ಎಂದು ಅವನು ಹೇಳುತ್ತಿದ್ದ ಮಾತು ಬಡಾಯಿಯಲ್ಲವೆಂದು ಆ ದಿನ ರುಜುವಾತಾಯಿತು.

ಅವನ ಬಾಳಿನಲ್ಲಿ ಒಂದು ದೊಡ್ಡ ರಾತ್ರಿಯೂ ಇದೆ. 2004ರ ಮೇ ತಿಂಗಳಲ್ಲಿ ನ್ಯೂ ಜರ್ಸಿ ತಂಡ ಡೆಟ್ರಾಯಿಟಿನಲ್ಲಿ ಆಡುತ್ತಿದ್ದಾಗ ಪಂದ್ಯ ಸಮವಾಗಿ, ಹೆಚ್ಚಿನ ಅವಧಿ ಒಂದಲ್ಲ, ಮೂರು ಬಾರಿ ಬೇಕಾಯಿತು. ಆರು ತಪ್ಪು ಮಾಡಿದವನು ಹೊರಗೆ ಎಂಬ ನಿಯಮಕ್ಕೆ ಸಿಕ್ಕಿ ದೊಡ್ಡವರು ಒಬ್ಬೊಬ್ಬರಾಗಿ ಉದುರಿದರು. ಕೊನೆಗೆ ಬೆಂಚಿನಿಂದ ಎದ್ದು ಬಂದ ಸ್ಕಾಲಬ್ರಿನಿ 17 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದ. ದೂರದಿಂದ ಎಸೆದ ನಾಲ್ಕು ಚೆಂಡುಗಳಲ್ಲಿ ನಾಲ್ಕೂ ಬುಟ್ಟಿಯೊಳಗೆ! ಅಂದು ಅವನಿಗೆ ಚೆಂಡು ಸಿಕ್ಕಿದ್ದು ಅದೃಷ್ಟ. ಚೆಂಡು ಸಿಕ್ಕಾಗ ಕೈ ನಡುಗದಿದ್ದುದು ಅದೃಷ್ಟವಲ್ಲ.

ಅದೇ ರಾತ್ರಿ ಎದುರು ಪಕ್ಷದ ತಂಡದಲ್ಲಿದ್ದವನು ಡಾರ್ಕೋ ಮಿಲಿಚಿಚ್ ಎಂಬ ಹದಿನೆಂಟರ ಹುಡುಗ. ದೂರದ ಸರ್ಬಿಯಾದವನು. ಹಿಂದಿನ ವರ್ಷ ಹೊಸಬರನ್ನು ಆರಿಸಿಕೊಳ್ಳುವಾಗ ಲೆಬ್ರಾನ್ ಜೇಮ್ಸ್ ನಂತರ ಎರಡನೆಯವನಾಗಿ ಆಯ್ಕೆಯಾದವನು. ಮುಂದೆ ಜಗತ್ಪ್ರಸಿದ್ಧರಾದ ಕಾರ್ಮೆಲೊ ಆ್ಯಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಎಲ್ಲರೂ ಅವನ ನಂತರ. ಆದರೆ ಅವನನ್ನು ಆರಿಸಿಕೊಂಡ ತಂಡ ಆಗಲೇ ತುಂಬಿದ ಮನೆ. ಆ ಮೊದಲ ವರ್ಷ 34 ಪಂದ್ಯಗಳಲ್ಲಿ ಅವನಿಗೆ ಸಿಕ್ಕಿದ್ದು ಸರಾಸರಿ ಐದು ನಿಮಿಷಕ್ಕೂ ಕಡಿಮೆ. ಬಾಸ್ಟನ್ನಿನ ಹಳೆಯ ತರಬೇತುದಾರ ರೆಡ್ ಆವರ್‌ಬಾಕ್ ಗೆಲುವು ನಿಶ್ಚಯವಾದೊಡನೆ ಕುಳಿತಲ್ಲೇ ಚುಟ್ಟಾ ಹಚ್ಚುತ್ತಿದ್ದನಂತೆ. ಈ ಹುಡುಗ ಅಂಕಣಕ್ಕೆ ಬಂದರೆ ಪಂದ್ಯ ಗೆದ್ದ ಹಾಗೆಯೇ ಎಂದು ಜನ ಅವನನ್ನೇ ‘ಮನುಷ್ಯ ರೂಪದ ಗೆಲುವಿನ ಚುಟ್ಟಾ’ ಎಂದು ಕರೆದರು. ನಗೆಮಾತೇನೋ ಚೆನ್ನಾಗಿದೆ, ಹದಿನೆಂಟು ವರ್ಷದವನ ಕಿವಿಗೆ ಅದು ಹೇಗೆ ಕೇಳಿಸಿತೋ! ಆ ವರ್ಷ ತಂಡ ಚಾಂಪಿಯನ್ ಆಯಿತು, ಅವನಿಗೂ ಉಂಗುರ ಬಂತು. ಮುಂದೆ ಬೇರೆ ಬೇರೆ ತಂಡಗಳಲ್ಲಿ ಆಡಿದನಾದರೂ ಹೂವು ಅರಳಲಿಲ್ಲ. ತಪ್ಪು ತನ್ನದೂ ಇತ್ತೆಂದು ಆಮೇಲೆ ತಾನೇ ಒಪ್ಪಿಕೊಂಡ. ಆಟ ಬಿಟ್ಟು ಊರಿಗೆ ಹಿಂತಿರುಗಿ ಹಣ್ಣಿನ ತೋಟ ಮಾಡಿದನೆಂದು ಓದಿ ನನಗೆ ಒಂದು ಬಗೆಯ ನೆಮ್ಮದಿಯಾಯಿತು.

ನಮ್ಮವರ ಕಥೆಯೂ ಈ ಬೆಂಚಿನದೇ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಅಲ್ಲಿಯ ಡಲ್ಲಾಸ್ ತಂಡಕ್ಕೆ ಆರಿಸಲ್ಪಟ್ಟಾಗ, ಭಾರತದಲ್ಲಿ ಹುಟ್ಟಿದವರಲ್ಲಿ ಆ ಗೌರವ ಪಡೆದ ಮೊದಲಿಗನಾದ. ಆದರೆ ಎನ್‌ಬಿಎ ಲೀಗಿನ ಒಂದು ಪಂದ್ಯದಲ್ಲೂ ಅವನು ಅಂಕಣಕ್ಕೆ ಇಳಿಯಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ, ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಮನೆತನದ ಸಿಮ್ ಭುಲ್ಲರ್ ಇಳಿದ. ಮೂರು ಪಂದ್ಯ, ಎಲ್ಲ ಸೇರಿ ಮೂರು ನಿಮಿಷದಷ್ಟು ಹೊತ್ತು. ಏಳಡಿ ಐದಂಗುಲದ ದೇಹಕ್ಕೆ ಮೂರು ನಿಮಿಷದ ಚರಿತ್ರೆ!

ಇಷ್ಟೆಲ್ಲ ಹೇಳಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. 1994ರ ಮೇ 13ರಂದು ಶಿಕಾಗೋದಲ್ಲಿ ನ್ಯೂಯಾರ್ಕಿನ ಮೇಲೆ ಪಂದ್ಯ. ಎರಡೂ ಕಡೆ 102. ಉಳಿದಿರುವುದು 1.8 ಸೆಕೆಂಡು. ಮೈಕೇಲ್ ಜಾರ್ಡನ್ ಆ ವರ್ಷ ಆಟ ಬಿಟ್ಟಿದ್ದರಿಂದ ಸ್ಕಾಟಿ ಪಿಪ್ಪೆನ್ನನೇ ಶಿಕಾಗೋ ತಂಡದ ಯಜಮಾನ. ಆದರೆ ತರಬೇತುದಾರ ಫಿಲ್ ಜಾಕ್ಸನ್ ಕೊನೆಯ ಎಸೆತವನ್ನು ಟೋನಿ ಕುಕೋಚ್ ಎಂಬ ಹೊಸಬನಿಗೆ ಒಪ್ಪಿಸಿದ. ಪಿಪ್ಪೆನ್ನನಿಗೆ ಮುಖಭಂಗವಾಯಿತು, ಬೆಂಚು ಬಿಟ್ಟು ಏಳಲೇ ಇಲ್ಲ. ಅವನಿಲ್ಲದೆ ಆಡಿದರು, ಕುಕೋಚ್ ಎಸೆದ, ಚೆಂಡು ಬುಟ್ಟಿಗೆ ಬಿತ್ತು, ಶಿಕಾಗೋ ಗೆದ್ದಿತು. ಪಿಪ್ಪೆನ್ ಮಹಾ ಆಟಗಾರ, ಸಂದೇಹವಿಲ್ಲ. ಆದರೂ ಅವನ ಹೆಸರೆತ್ತಿದರೆ ಆ 1.8 ಸೆಕೆಂಡು ಇಂದಿಗೂ ಬೆನ್ನಿಗೆ ಬರುತ್ತದೆ. ಬೆಂಚಿನ ತುದಿಯವನು ಯಾವ ಚೂರಿಗಾಗಿ ವರ್ಷಗಟ್ಟಲೆ ಕಾಯುತ್ತಾನೋ, ಅದನ್ನು ಅವನು ಬೇಡವೆಂದ.

ಈ ಸಂಗತಿಯನ್ನು ಮೊದಲು ಪತ್ರಿಕೆಯಲ್ಲಿ ಓದಿದಾಗ ಗೆಳೆಯರೆಲ್ಲ ಪಿಪ್ಪೆನ್ನನನ್ನು ಬೈದರು. ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗಿರಲಿಲ್ಲ.

ನಮ್ಮ ಮನೆಯ ಗೋಡೆಯ ಮೇಲೆ ಒಂದು ಹಳೆಯ ಪಟವಿದೆ. 1974ರ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ. ಆಗಿನ ಪದ್ಧತಿಯಂತೆ ಹನ್ನೆರಡು ಬನಿಯನ್ನುಗಳಿಗೆ ನಾಲ್ಕರಿಂದ ಹದಿನೈದರವರೆಗೆ ಸಂಖ್ಯೆ. ನನ್ನದು 15. ಪಟ ನೋಡಿದವರಿಗೆಲ್ಲ ‘ಕಾಲೇಜಿಗೆ ಆಡಿದ್ದೆ’ ಎಂದೇ ಹೇಳುತ್ತಾ ಬಂದಿದ್ದೇನೆ. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ದೋಷವಿಲ್ಲ, ದೋಷ ಕ್ರಿಯಾಪದದಲ್ಲಿದೆ.

ಆ ವರ್ಷ ನಾವು ಅಂತರ್ಕಾಲೇಜು ಪಂದ್ಯಗಳ ಫೈನಲಿಗೆ ಬಂದೆವು. ಅದುವರೆಗೆ ನಾನು ಒಂದು ನಿಮಿಷವೂ ಆಡಿರಲಿಲ್ಲ. ಮನೆಯಲ್ಲಿ ಮಾತ್ರ ‘ಆಡುತ್ತೇನೆ’ ಎಂದಿದ್ದೆ. ನಮ್ಮ ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಆಟವೆಂದರೆ ಏನೆಂದು ತಿಳಿಯದವರು, ಅಂದು ಸಂಜೆ ಕಚೇರಿಯಿಂದ ನೇರವಾಗಿ ಸೈಕಲ್ಲಿನಲ್ಲಿ ಬಂದು, ಹ್ಯಾಂಡಲಿಗೆ ಸಿಕ್ಕಿಸಿದ್ದ ಊಟದ ಡಬ್ಬಿಯ ಸಮೇತ ಸಿಮೆಂಟು ಅಂಕಣದ ಪಕ್ಕದಲ್ಲಿ ನಿಂತರು. ಆಟ ಕೆಟ್ಟಿತು. ಕೊನೆಗೆ ಒಂದೂವರೆ ನಿಮಿಷ ಉಳಿದಾಗ ನಾವು 22 ಅಂಕ ಹಿಂದೆ. ಆಗ ಕೋಚು ನಮ್ಮತ್ತ ತಿರುಗಿ, “ಹದಿನೈದು, ಏಳಪ್ಪಾ, ಹೋಗು” ಎಂದರು.

ವರ್ಷವೆಲ್ಲ ಕಾದದ್ದು ಆ ಒಂದು ಮಾತಿಗೆ. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ಅಂಕದ ಹಲಗೆ, ಏಳಲು ಆರಂಭಿಸಿದ್ದ ಜನ, ಮತ್ತು ಡಬ್ಬಿ ಹಿಡಿದು ನಿಂತ ತಂದೆ. ಉಂಡು ಎದ್ದವರ ಎಲೆಯಲ್ಲಿ ಮಿಕ್ಕಿದ್ದನ್ನು ನನಗೆ ಬಡಿಸುತ್ತಿದ್ದಾರೆ ಅನ್ನಿಸಿತು. ಬಗ್ಗಿ ಬಲಗಾಲಿನ ಹರಡು ಹಿಡಿದುಕೊಂಡೆ. “ಕಾಲು ಉಳುಕಿದೆ ಸಾರ್” ಎಂದೆ.

ಕುಳಿತಲ್ಲೇ ಕಾಲು ಉಳುಕುವುದು ಹೇಗೆಂದು ಅವರು ಕೇಳಬಹುದಾಗಿತ್ತು. ಕೇಳಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಹದಿನಾಲ್ಕು, ನೀನು ಹೋಗಯ್ಯ” ಎಂದರು. ಹದಿನಾಲ್ಕರವನು ಹಾರಿಕೊಂಡು ಹೋದ. ಆ ಒಂದೂವರೆ ನಿಮಿಷದಲ್ಲಿ ಅವನಿಗೆ ಒಮ್ಮೆ ಚೆಂಡು ಸಿಕ್ಕಿತು, ಎಸೆದ, ಹಲಗೆಗೆ ತಗುಲಿ ಒಳಗೆ ಬಿತ್ತು. ಉಳಿದಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ನನ್ನ ತಂದೆಯೂ ಡಬ್ಬಿ ಕೆಳಗಿಟ್ಟು ತಟ್ಟಿದರು. ಆ ಗೆಳೆಯ ಈಗ ಅಜ್ಜನಾಗಿದ್ದಾನೆ. ಸಿಕ್ಕಾಗಲೆಲ್ಲ ಆ ಎಸೆತವನ್ನು ಕೈಯೆತ್ತಿ ತೋರಿಸುತ್ತಾನೆ. ವರ್ಷದಿಂದ ವರ್ಷಕ್ಕೆ ಅದರ ದೂರ ಹೆಚ್ಚುತ್ತಿದೆ. ಆಗಲಿ, ಅದು ಅವನ ಸ್ವತ್ತು.

ಉಳುಕಿದ ಕಾಲಿನವನನ್ನು ನಡೆಸಬಾರದೆಂದು ತಂದೆ ನನ್ನನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡರು. ಆರಡಿಯ ಮಗ, ಐದಡಿ ಮೂರಂಗುಲದ ಅಪ್ಪ. ಏರು ಬಂದಾಗ ಅವರು ಇಳಿದು ತಳ್ಳಿದರು, ನಾನು ಇಳಿಯುವಂತಿರಲಿಲ್ಲ. ಅವರ ಏದುಸಿರು ಕೇಳಿಸಿಕೊಂಡು ಕುಳಿತಿದ್ದೆ. ಅದಕ್ಕಿಂತ ಗಟ್ಟಿಯಾದ ಬೆಂಚಿನ ಮೇಲೆ ನಾನು ಎಂದೂ ಕುಳಿತಿಲ್ಲ.

ಮನೆಯಲ್ಲಿ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, “ಯಾವ ಕಾಲು?” ಎಂದರು. ನಾನು ಎಡಗಾಲು ಚಾಚಿದೆ. ಚಾಚಿದ ಮೇಲೆ ನೆನಪಾಯಿತು. ಅವರು ಏನೂ ಹೇಳಲಿಲ್ಲ. ಎಡಗಾಲನ್ನು ನಿಧಾನವಾಗಿ ತಿಕ್ಕಿದರು. ಆಮೇಲೆ ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ನೋಡಿ, “ಇನ್ನೊಂದಕ್ಕೂ ಇರಲಿ” ಎಂದು ಬಲಗಾಲಿಗೂ ತಿಕ್ಕಿದರು. ಆ ವಿಷಯ ಅವರು ಬದುಕಿರುವವರೆಗೆ ನಮ್ಮ ನಡುವೆ ಮತ್ತೆ ಬರಲಿಲ್ಲ.

ಇದನ್ನೆಲ್ಲ ಮತ್ತೆ ಕೆದಕಿದ್ದು 2023ರ ಜೂನಿನ ಒಂದು ಬೆಳಗ್ಗೆ. ಎನ್‌ಬಿಎ ಫೈನಲಿನ ಮೂರನೆಯ ಪಂದ್ಯ, ಮಯಾಮಿಯಲ್ಲಿ. ಆ ಊರಿನವನೇ ಆದ ಉಡೊನಿಸ್ ಹ್ಯಾಸ್ಲೆಮ್ ಇಪ್ಪತ್ತು ವರ್ಷ ಒಂದೇ ತಂಡದಲ್ಲಿದ್ದವನು. ತಾರುಣ್ಯದಲ್ಲಿ ಚೆನ್ನಾಗಿ ಆಡಿ ಮೂರು ಸಲ ಚಾಂಪಿಯನ್ ತಂಡದಲ್ಲಿದ್ದವನು, ಕೊನೆಯ ವರ್ಷಗಳಲ್ಲಿ ಬೆಂಚಿನ ತುದಿಗೆ ಸರಿದ. ಒಂದು ವರ್ಷ ನಾಲ್ಕೇ ಪಂದ್ಯ. ಮರುವರ್ಷ ಒಂದೇ ಪಂದ್ಯ, ಅದೂ ಮೂರು ನಿಮಿಷ ತುಂಬುವಷ್ಟರಲ್ಲಿ ಎದುರಾಳಿಯೊಡನೆ ಜಗಳವಾಡಿ ಹೊರಕ್ಕೆ ಕಳಿಸಿಕೊಂಡ! ಆದರೂ ತಂಡ ಅವನನ್ನು ಬಿಡಲಿಲ್ಲ, ಅವನು ತಂಡವನ್ನು ಬಿಡಲಿಲ್ಲ. ಆ ದಿನ ಅವನಿಗೆ 43 ತುಂಬಲು ಇನ್ನೆರಡೇ ದಿನ. ತಂಡ ಸೋತಾಗಿತ್ತು, ಅಂತಿಮ ಅಂಕ 94ಕ್ಕೆ 109. ಕೆಲವೇ ಸೆಕೆಂಡು ಉಳಿದಿರುವಾಗ ಅವನನ್ನು ಕರೆದರು.

ಅವನು ಎದ್ದ. ಅಂಕದ ಹಲಗೆಯತ್ತ ನೋಡಲಿಲ್ಲ. ಹೋಗಿ ತನ್ನ ಜಾಗದಲ್ಲಿ ನಿಂತ. ಫೈನಲಿನಲ್ಲಿ ಆಡಿದವರಲ್ಲೆಲ್ಲ ಹಿರಿಯನೆಂಬ ದಾಖಲೆ, 1989ರಿಂದ ಕರೀಮ್ ಅಬ್ದುಲ್ ಜಬ್ಬಾರನ ಹೆಸರಿನಲ್ಲಿದ್ದದ್ದು, ಅವನ ಪಾಲಿಗೆ ಬಂತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಟ ಮುಗಿಯಿತು. ಮೂರು ಉಂಗುರದ ಯಜಮಾನ, ಸೋತ ಪಂದ್ಯದ ಮಿಕ್ಕ ಸೆಕೆಂಡುಗಳನ್ನು ಎಂಜಲೆಂದು ತಳ್ಳಲಿಲ್ಲ. ಮುಂದಿನ ವರ್ಷ, 2024ರ ಜನವರಿಯಲ್ಲಿ, ಅವನ 40ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಸಭಾಂಗಣದ ಮೇಲೆ ಏರಿಸಿದರು.

ಕರೆ ಬಂದಾಗ ಏಳುವುದೇ ಬೆಂಚಿನವನ ಆಟ. ಎಷ್ಟು ಹೊತ್ತಿಗೆ ಕರೆದರು, ಏಕೆ ಕರೆದರು ಎಂಬುದು ಕರೆದವರ ಲೆಕ್ಕ. ನಾನು ಹತ್ತೊಂಬತ್ತರಲ್ಲಿ ಕೋಚಿನ ಲೆಕ್ಕವನ್ನು ತಿದ್ದಲು ಹೋಗಿ ನನ್ನ ಲೆಕ್ಕವನ್ನು ಕೆಡಿಸಿಕೊಂಡೆ.

ಇಷ್ಟನ್ನೂ ಕಾಫಿ ಆರುವ ಹೊತ್ತಿಗೆ ನನ್ನಾಕೆಗೆ ಹೇಳಿ ಮುಗಿಸಿದೆ. ಮದುವೆಯಾಗಿ ನಲವತ್ತು ವರ್ಷದ ಮೇಲೆ ಮೊದಲ ಸಲ. ಅವಳು ಗೋಡೆಯ ಮೇಲಿನ ಪಟವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಟೀವಿಯಲ್ಲಿ ಗದ್ದಲವಾಯಿತು. ಪಂದ್ಯ ಮುಗಿಯಲು ಮುಕ್ಕಾಲು ನಿಮಿಷವಿತ್ತು. ಬೆಂಚಿನ ತುದಿಯಲ್ಲಿದ್ದವನು ಟವಲು ಬಿಸುಟು, ಮೇಲಂಗಿ ಕಳಚುತ್ತಿದ್ದ.

“ಇರಿ, ಇರಿ, ಅವನು ಬಂದ!” ಎಂದು ಅವಳು ನನ್ನ ಪಕ್ಕದಲ್ಲಿ ಕುಳಿತೇಬಿಟ್ಟಳು.

ಇಬ್ಬರೂ ನೋಡಿದೆವು. ಅವನು ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿದ. ಚೆಂಡು ಅವನ ಕೈಗೆ ಬರಲೇ ಇಲ್ಲ. ಗಂಟೆ ಬಾರಿಸಿತು. ಆಡಿದವರ ಜೊತೆಗೆ ಅವನೂ ಎದುರಾಳಿಗಳ ಕೈ ಕುಲುಕಿದ.

“ಓಡಿದನಲ್ಲ ಸದ್ಯ” ಎಂದಳು ನನ್ನಾಕೆ. ಲೋಟ ಎತ್ತಿಕೊಂಡು ಅಡಿಗೆಮನೆಯ ಬಾಗಿಲವರೆಗೆ ಹೋದವಳು ತಿರುಗಿ ನಿಂತು ಕೇಳಿದಳು:

“ಅಂದಹಾಗೆ, ನಿಮಗೆ ಉಳುಕಿದ್ದು ಯಾವ ಕಾಲು ಅಂದ್ರಿ?”